ಅಮ್ಮನ ತೂಕ ಇಳಿಯಲಿಲ್ಲ

"ಅತ್ತೆಗೆ ತಿನ್ನಲಿಕ್ಕೆ ಎಂತ ಇಷ್ಟ ಇತ್ತು?"

ಹೆಂಡತಿ ಸರಸ ಕೇಳಿದ ಈ ಪ್ರಶ್ನೆಗೆ ದೂಮಪ್ಪ ಮಾಸ್ತರರಲ್ಲಿ ಉತ್ತರವಿರಲಿಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮಹಾಶಯರು ಅವರು. ಶನಿಗ್ರಹದ ಬಳೆಗಳು ಯಾವುದರಿಂದಾದವು, ಜಿರಳೆಯ ಹೃದಯಕ್ಕೆಷ್ಟು ಕೋಣೆಗಳು ಎಂಬುದನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳಬಲ್ಲವರು.

ಅಂದು ಅಮ್ಮ ತೀರಿಕೊಂಡು ಹದಿನಾರನೆಯ ದಿನ. ಸತ್ತವರಿಗೆ ಇಷ್ಟವಾದುದನ್ನು ಮಾಡಿ, ಸಂಜೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಓರೆ ಮಾಡುವುದು ಎರ್ಮಾಳಿನ ಆ ಮನೆಯ ಪದ್ಧತಿ. ಮಾಸ್ತರರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ.

"ಸತ್ತವರಿಗೆ ಜಠರರಸ ಸ್ರವಿಸುವುದಿಲ್ಲ, ಸರಸ."

"ಬದುಕಿದ್ದಾಗ ಸ್ರವಿಸ್ತಿತ್ತಲ್ಲ, ಆಗ ನೀವು ಕೊಟ್ಟದ್ದೆಂತ? ಬೇಯಿಸಿದ ತೊಂಡೆಕಾಯಿ! ಹೆಸರು ಹೇಳಿ ಮಾರಾಯ್ರೇ, ನನಗೆ ಒಲೆ ಹಚ್ಚಲಿಕ್ಕುಂಟು. ನೆಂಟರೆಲ್ಲ ಬಂದು ಎಲೆ ನೋಡ್ತಾರೆ."

"ನೀನು ಸೊಸೆ. ನಿನಗೆ ಗೊತ್ತಿರಬೇಕು."

"ನೀವು ಗೋಡೆಗೆ ಆ ಪಥ್ಯದ ಚಾರ್ಟ್ ಅಂಟಿಸಿದ ಮೇಲೆ ಅವರು ಇಂಥದ್ದು ಬೇಕು ಅಂತ ಬಾಯಿ ಬಿಟ್ಟದ್ದುಂಟಾ? ನೀವು ಮಗ ಅಲ್ವಾ? ನಲುವತ್ತೈದು ವರ್ಷ ಅವರ ಕೈಯಡುಗೆ ಉಂಡವರು!"

ಮಾಸ್ತರರು ದಾಖಲೆಗಳ ಮೊರೆಹೊಕ್ಕರು. ೨೦೦೧ರಲ್ಲಿ ಡಾಕ್ಟರು ಅಮ್ಮನಿಗೆ ಸಕ್ಕರೆ ಕಾಯಿಲೆಯೆಂದೂ, ಊಟದಲ್ಲಿ ಸ್ವಲ್ಪ ಜಾಗ್ರತೆಯಿರಲೆಂದೂ ಹೇಳಿದ್ದರು. (ಆ 'ಸ್ವಲ್ಪ' ಎಂಬ ಪದ ಮಾಸ್ತರರ ಕಿವಿಗೆ ಬಿದ್ದಿರಲಿಲ್ಲ.) ಅಂದೇ ಮನೆಗೊಂದು ತಕ್ಕಡಿ ಬಂತು, ಇನ್ನೂರು ಪುಟದ ನೋಟುಪುಸ್ತಕ ಬಂತು. ಕುಚ್ಚಲಕ್ಕಿ ಅನ್ನ ನೂರಿಪ್ಪತ್ತು ಗ್ರಾಂ. ಬಂಗುಡೆ ಒಂದು, ತಲೆ ಬಿಟ್ಟು. ಅಗಿಯಲು ತಗಲಿದ ಸಮಯ ಹದಿನಾಲ್ಕು ನಿಮಿಷ. ಹೀಗೆ ಮೂರು ವರ್ಷಗಳ ಅಮ್ಮ ಆ ಪುಸ್ತಕದಲ್ಲಿದ್ದರು. 'ಇಷ್ಟ' ಎಂಬುದಕ್ಕೆ ಮಾತ್ರ ಅಲ್ಲಿ ಅಂಕಣವೇ ಇರಲಿಲ್ಲ.

ಪುಟ ಮಗುಚುತ್ತಿದ್ದ ಬೆರಳು ೨೦೦೨ರ ಮೇ ತಿಂಗಳಲ್ಲಿ ನಿಂತಿತು. ಕಾಪುವಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಮ್ಮ ಎರಡನೆಯ ಹೋಳಿಗೆಗೆ ಕೈ ಚಾಚಿದಾಗ ಮಾಸ್ತರರು ಎದುರಿನ ಸಾಲಿನಿಂದಲೇ ಗರ್ಜಿಸಿದ್ದರು: "ಅಮ್ಮಾ, ಅದು ಹೊಟ್ಟೆಯಾ, ಬೋಟಿನ ಐಸ್ ಪೆಟ್ಟಿಗೆಯಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಮ್ಮನೂ ನಕ್ಕರು, ಹೋಳಿಗೆಯನ್ನು ಬಡಿಸುವವನ ತಟ್ಟೆಗೆ ತಿರುಗಿ ಇಟ್ಟರು. ಅಂದಿನಿಂದ ಮನೆಯಲ್ಲಿ ಅವರು ಎರಡನೆಯ ಸಲ ಏನನ್ನೂ ಹಾಕಿಸಿಕೊಳ್ಳಲಿಲ್ಲ. ಮಾಸ್ತರರು ಷರಾ ಬರೆದಿದ್ದರು: 'ಆತ್ಮಸಂಯಮದಲ್ಲಿ ಗಣನೀಯ ಪ್ರಗತಿ.'

ವಿಚಿತ್ರವೆಂದರೆ, ಆಹಾರ ಅರ್ಧಕ್ಕಿಳಿದರೂ ಅಮ್ಮನ ತೂಕ ಇಳಿಯಲಿಲ್ಲ. ವಿಜ್ಞಾನಿಯಾದವನು ವಿಚಿತ್ರಕ್ಕೆ ಹೆದರಬಾರದಷ್ಟೆ. ಮಾಸ್ತರರು ಶಾಲೆಯ ವಾರ್ಷಿಕ ಸಂಚಿಕೆಗೆ 'ವಾರ್ಧಕ್ಯದಲ್ಲಿ ಚಯಾಪಚಯ ಕ್ರಿಯೆ' ಎಂಬ ನಾಲ್ಕು ಪುಟದ ಪ್ರಬಂಧವನ್ನೇ ಬರೆದರು. (ಪ್ರಯೋಗಕ್ಕೆ ಒಳಗಾದವರ ಸಂಖ್ಯೆ: ಒಂದು.)

"ಪುಸ್ತಕ ಮುಚ್ಚಿ, ಝೀಟಾ ಬಾಯಿಯನ್ನಾದರೂ ಕೇಳಿ ಬನ್ನಿ," ಎಂದಳು ಸರಸ.

ಝೀಟಾ ಬಾಯಿ ಎಂದರೆ ಆಚೆಮನೆಯವರು. ಅಮ್ಮ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆ ಸುತ್ತುತ್ತಿದ್ದ ಕಾಲದ ಗೆಳತಿ. (ಮಾಸ್ತರರ ಬಿ.ಎಸ್ಸಿ. ಪದವಿಯೂ ಆ ಬುಟ್ಟಿಯಲ್ಲೇ ಬಂದದ್ದು.) ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಮಾಸ್ತರರು ಹೋದರು. ಅಡುಗೆಮನೆಯಲ್ಲಿ ಗೋಡೆಗೆ ತಾಗಿದ್ದ ಮಣೆಯ ಮೇಲೆ ಇನ್ನೇನು ಕೂರಬೇಕು, ಅಷ್ಟರಲ್ಲಿ ಝೀಟಾ ಬಾಯಿ ತಡೆದರು:

"ಅಲ್ಲಿ ಬೇಡ ಮಾಸ್ಟ್ರೇ, ಈ ಕುರ್ಚಿಯಲ್ಲಿ ಕೂತುಕೊಳ್ಳಿ. ಅದು ನಿಮ್ಮ ಅಮ್ಮನ ಮಣೆ."

"ಅಮ್ಮನ ಮಣೆಯಾ?"

"ಎರಡು ವರ್ಷ ದಿನಾ ಹನ್ನೊಂದು ಗಂಟೆಗೆ ಅದರಲ್ಲೇ ಕೂತು ತಿಂದದ್ದಲ್ವಾ? ನೀವು ಶಾಲೆಗೆ ಹೋದ ಮೇಲೆ."

ನಾಲ್ಕು ಪುಟದ ಪ್ರಬಂಧ ಮಾಸ್ತರರ ಕಣ್ಣೆದುರೇ ಸದ್ದಿಲ್ಲದೆ ಕುಸಿಯಿತು.

"ಬಾಯಿ, ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು!"

"ನನಗೂ ಉಂಟು. ಸಿಹಿ ಒಂದು ದಿನವೂ ಕೊಟ್ಟವಳಲ್ಲ ನಾನು. ನಾವು ತಿಂದದ್ದನ್ನೇ ಕೊಟ್ಟದ್ದು. ಇಡ್ಲಿಯ ಹಾಗಿನ ನಮ್ಮ ಸಾನ್ನಾ, ಮೀನಿನ ಸಾರು, ಇಲ್ಲದಿದ್ದರೆ ಗಂಜಿ, ಚಟ್ನಿ. ಮನೆಯಲ್ಲಿ ತಿಂದರೆ ಮಗ ಬರೀತಾನೆ ಅಂತ ಹೇಳಿದ್ರು. ಅದಕ್ಕೆ ನಾನು ಹೆಚ್ಚು ಕೇಳ್ಲಿಲ್ಲ."

ಮಾಸ್ತರರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು. ಝೀಟಾ ಬಾಯಿಯ ಕಣ್ಣು ಆ ಕೈಯ ಮೇಲಿತ್ತು. ಕೈ ಖಾಲಿಯೇ ಕೆಳಗಿಳಿಯಿತು.

"ಇವತ್ತು ಎಲೆಗೆ ಬಡಿಸಲಿಕ್ಕುಂಟು, ಬಾಯಿ. ಅದರಲ್ಲೆಲ್ಲ ಅವರಿಗೆ ತುಂಬ ಇಷ್ಟವಾದದ್ದು ಯಾವುದು?"

ಝೀಟಾ ಬಾಯಿ ಮಣೆಯನ್ನು ಕೈಯಿಂದ ಒರೆಸಿದರು.

"ಹಾಗೆ ಇಂಥದ್ದೇ ಅಂತ ಇರ್ಲಿಲ್ಲ, ಮಾಸ್ಟ್ರೇ. ಎರಡು ಸಾನ್ನಾದಲ್ಲಿ ಅವರ ಹೊಟ್ಟೆ ತುಂಬ್ತಿತ್ತು. ಮೂರನೆಯದು ಒಂದು ದಿನವೂ ಮುಟ್ಟಿದವರಲ್ಲ. ಆದರೆ ನಾನು ಪಾತ್ರೆ ಹಿಡಿದು 'ಇನ್ನೊಂದು ಹಾಕ್ಲಾ?' ಅಂತ ಕೇಳ್ಲೇಬೇಕಿತ್ತು. ಒಂದು ದಿನ ಮರೆತೆ ನೋಡಿ. ಖಾಲಿ ಬಟ್ಟಲು ಮುಂದಿಟ್ಟುಕೊಂಡು ಕೂತೇ ಇದ್ರು. ಆಮೇಲೆ ನೆನಪಾಗಿ ಕೇಳಿದೆ. 'ಬೇಡ ಝೀಟಾ, ಸಾಕು' ಅಂತ ಹೇಳಿ, ನಗ್ತಾ ಎದ್ದು ಕೈ ತೊಳೆದ್ರು."