ಹತ್ತು ಸೆಕೆಂಡಿನ ಪಂಚಾಯಿತಿ

ನನ್ನ ಮಾಮ ಸಿನಿಮಾ ನೋಡುವುದಿಲ್ಲ. ಸಿನಿಮಾದವರೇ ತಮ್ಮ ತಕರಾರು ಹೊತ್ತುಕೊಂಡು ಅವನ ಹತ್ತಿರ ಬರುತ್ತಾರೆ, ಅವನು ನ್ಯಾಯ ಹೇಳಿ ಕಳಿಸುತ್ತಾನೆ. ಇದು ಅತಿಯಾಯಿತು ಅನ್ನಿಸಿದರೆ ಒಂದು ಭಾನುವಾರ ಅನಗೋಳದ ಮನೆಗೆ ಬನ್ನಿ. ಚಹಾ ಅತ್ತೆ ಕೊಡುತ್ತಾಳೆ, ತೀರ್ಪು ಮಾಮ ಕೊಡುತ್ತಾನೆ.

ಖಾನಾಪುರದ ಕಡೆಯ ನಮ್ಮ ಊರಿನಲ್ಲಿ ಮಾಮ ಬಹಳ ವರ್ಷ ಪಂಚನಾಗಿದ್ದವನು. ಬದುವಿನ ಜಗಳ, ಗಂಡ-ಹೆಂಡಿರ ಜಗಳ, ಯಾರದೋ ಎಮ್ಮೆ ಯಾರದೋ ಭತ್ತ ಮೇಯ್ದ ಜಗಳ, ಎಲ್ಲವೂ ಅವನ ಕಟ್ಟೆಗೇ ಬರುತ್ತಿದ್ದವು. ಮಗನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸವಾಗಿ ಮನೆಯವರೆಲ್ಲ ಅನಗೋಳಕ್ಕೆ ಬಂದ ಮೇಲೆ ಜಗಳ ತರುವವರೇ ಇಲ್ಲವಾದರು. ಬೆಳಗಾವಿಯಲ್ಲಿ ಜನ ಜಗಳವಾಡುವುದಿಲ್ಲವೇ? ಆಡುತ್ತಾರೆ, ಆದರೆ ಮಾಮನನ್ನು ಕೇಳುವುದಿಲ್ಲ. ಮನುಷ್ಯ ಸೊರಗಿಹೋದ.

ಆಗ ಮಗ ಟಿವಿಗೆ ಹೊಸದೊಂದು ಆ್ಯಪ್ ಹಾಕಿಸಿದ. ಅದರಲ್ಲಿ ಕೆಲವು ಕತೆಗಳು ನಡುವೆ ನಿಂತು ನೋಡುವವರನ್ನೇ ಕೇಳುತ್ತವೆ: ಈಗ ಇವನು ಏನು ಮಾಡಬೇಕು? ಪರದೆಯ ಮೇಲೆ ಎರಡು ಉತ್ತರ, ಕೆಳಗೆ ಸವೆಯುತ್ತ ಹೋಗುವ ಒಂದು ಬಿಳಿ ಗೆರೆ. ಹತ್ತು ಸೆಕೆಂಡಿನೊಳಗೆ ರಿಮೋಟಿನಿಂದ ಒಂದನ್ನು ಒತ್ತಬೇಕು. ಒತ್ತದಿದ್ದರೆ ಕತೆ ತಾನೇ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ಮಾಮನಿಗೆ ಹೋದ ಜೀವ ಬಂತು.

ಮೊದಲ ದಿನ ನಾಯಕ ಪಾಳುಬಂಗಲೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋಗಲೋ, ಮನೆಗೆ ಮರಳಲೋ? ಮಾಮ ಅವನನ್ನು ಮನೆಗೆ ಕಳಿಸಿದ. ಸಿನಿಮಾ ನಾಲ್ಕೇ ನಿಮಿಷಕ್ಕೆ ಮುಗಿಯಿತು.

“ಇಷ್ಟಽ ಏನು?” ಎಂದ ಮಗ.

“ಯಾರಿಗರ ಏನರ ಆತೇನು? ಎಲ್ಲಾರೂ ಸುಖರೂಪ ಅದಾರ,” ಎಂದ ಮಾಮ.

ಅಂದಿನಿಂದ ಟಿವಿ ಹಚ್ಚುವ ಮೊದಲು ಮುಖ ತೊಳೆದು, ಬಿಳಿ ಟೊಪ್ಪಿಗೆ ಹಾಕಿ, ಕುರ್ಚಿಯ ಮೇಲೆ ನೆಟ್ಟಗೆ ಕೂರುತ್ತಾನೆ. ಸೋಫಾದಲ್ಲಿ ಒರಗಿ ನ್ಯಾಯ ಹೇಳಬಾರದಂತೆ. ಸಂತೆಗೆ ಹೋಗುವಾಗ ರಿಮೋಟನ್ನೂ ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಹೋಗುತ್ತಾನೆ. ತಾನಿಲ್ಲದಾಗ ಮನೆಯವರು ಯಾರದಾದರೂ ಬಾಳು ಹಾಳು ಮಾಡಿಬಿಟ್ಟರೆ?

ಕಳೆದ ತಿಂಗಳು ಒಂದು ಭಾನುವಾರ ಅತ್ತೆ ಬೇಸತ್ತು ಹೇಳಿದಳು, “ಒಂದ ಸಲನರ ನನ್ನ ಕೇಳಿ ಒತ್ತರಿ.”

“ಪಂಚರು ಕೇಳಂಗಿಲ್ಲ. ಹೇಳತಾರ.”

ನಾವೆಲ್ಲ ನಕ್ಕೆವು. ನನ್ನ ಅವ್ವ ಮಾತ್ರ ನಗಲಿಲ್ಲ.

ಅವ್ವ ಮಾಮನ ತಂಗಿ. ಅಣ್ಣನನ್ನು ನೋಡಲೆಂದು ಅಂದು ಖಾನಾಪುರದಿಂದ ಬಂದಿದ್ದಳು. ಅವಳು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದಾಗ ಮಾಸ್ತರರು ಬೆಳಗಾವಿಯ ಕಾಲೇಜಿನ ಫಾರ್ಮನ್ನು ತಾವೇ ಮನೆಗೆ ತಂದುಕೊಟ್ಟಿದ್ದರು. ಅಜ್ಜ ತೀರಿಕೊಂಡಿದ್ದ, ಸಹಿ ಮಾಡಬೇಕಾದವನು ಮಾಮ. ಆ ಎಳೆ ವಯಸ್ಸಿಗೇ ಊರವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಇದೊಂದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಫಾರ್ಮು ಗೋಡೆಯ ಮಾಡದಲ್ಲೇ ಇತ್ತು, ತಾರೀಖು ಮುಗಿದುಹೋಯಿತು. ಮುಂದಿನ ಬೇಸಿಗೆಯಲ್ಲಿ ಅವ್ವನ ಮದುವೆ. ನಿನಗೇನು ಬೇಕೆಂದು ತನ್ನನ್ನು ಯಾರೂ ಕೇಳಲಿಲ್ಲ ಎಂಬ ಮಾತನ್ನು ಅವ್ವ ನನ್ನೊಬ್ಬಳ ಮುಂದೆ ಆಡಿದ್ದಾಳೆ. ಅಣ್ಣನ ಮುಂದೆ ಎಂದೂ ಆಡಿದವಳಲ್ಲ.

ಅದೇ ಮಧ್ಯಾಹ್ನ ಹಚ್ಚಿದ ಕತೆಯಲ್ಲಿ ಒಬ್ಬ ಹಳ್ಳಿಯ ಹುಡುಗಿ ಪುಸ್ತಕದ ಚೀಲ ಹಿಡಿದು ಒಳಕೋಣೆಯಲ್ಲಿ ನಿಂತಿದ್ದಳು. ಹೊರಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಕತೆ ನಿಂತು ಕೇಳಿತು: ಕಾಲೇಜೋ, ಮದುವೆಯೋ?

ಮಾಮನ ಬೆರಳು ಗುಂಡಿಯ ಮೇಲಿತ್ತು. ಅವನು ತಂಗಿಯ ಕಡೆ ನೋಡಿದ. ಅವ್ವ ಟಿವಿಯ ಕಡೆ ನೋಡುತ್ತಿದ್ದಳು. “ಒತ್ತು ಮಾಮಾ, ಗೆರಿ ಮುಗಿಯಾಕತ್ತೈತಿ,” ಎಂದೆ ನಾನು. ಬೆರಳು ಕದಲಲಿಲ್ಲ. ಗೆರೆ ಮುಗಿಯಿತು. ಪರದೆಯ ಮೇಲೆ ಹುಡುಗಿ ಚೀಲ ಕೆಳಗಿಟ್ಟು, ಚಹಾದ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು.

“ಯಾರೂ ಏನೂ ಒತ್ತಲಿಲ್ಲಂದ್ರ ಹಿಂಗ ಆಗತೈತೇನು?” ಮಾಮ ಮಗನನ್ನು ಕೇಳಿದ.

ಉತ್ತರ ಕೊಟ್ಟವಳು ಅವ್ವ. “ಹೂಂ ಅಣ್ಣಾ. ಹಿಂಗಽ ಆಗತೈತಿ.”

ಮಾಮ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹಿಂದಕ್ಕ ಹೋಗಾಕ ಬರತೈತೇನಪಾ?”

ಬರುತ್ತದೆ ಎಂದು ಮಗ ಗುಂಡಿ ತೋರಿಸಿದ. ಹುಡುಗಿ ಮತ್ತೆ ಚೀಲ ಹಿಡಿದು ನಿಂತಳು. ಮಾಮ ಎದ್ದು ಬಂದು ರಿಮೋಟನ್ನು ಅವ್ವನ ಕೈಯಲ್ಲಿಟ್ಟ.

“ನೀ ಏನಂತೀ ಅಣ್ಣಾ?” ಎಂದಳು ಅವ್ವ. ಅಷ್ಟು ವರ್ಷಗಳ ರೂಢಿ.

“ನನ್ನ ಕೇಳಬ್ಯಾಡ ತಂಗಿ. ಆವಾಗ ನಾ ನಿನ್ನ ಕೇಳಬೇಕಾಗಿತ್ತ, ಕೇಳಲಿಲ್ಲ. ತಪ್ಪಾತು. ಈಗ ನಿನ್ನ ಮನಸಿಗೆ ಬಂದದ್ದ ಒತ್ತು.”

ಗೆರೆ ಅರ್ಧ ಸವೆಯುವ ಮೊದಲೇ ಅವ್ವ ಒತ್ತಿದಳು. ಹುಡುಗಿ ಬಸ್ಸು ಹತ್ತಿದಳು. ಆಮೇಲೂ ಕತೆ ಎಷ್ಟೋ ಸಲ ನಿಂತು ಕೇಳಿತು, ಪ್ರತಿ ಸಲವೂ ಅವ್ವನೇ ಒತ್ತಿದಳು. ಮಾಮ ಅವಳ ಬಾಜು ಸೋಫಾದಲ್ಲಿ ಸುಮ್ಮನೆ ಕೂತಿದ್ದ. ಕೊನೆಗೆ ಹುಡುಗಿ ಪದವಿಯ ಕಾಗದ ಹಿಡಿದು ಕಾಲೇಜಿನ ಮೆಟ್ಟಿಲಿಳಿದು ಬಂದಾಗ, ಮಾಮ ಅವ್ವನ ತಲೆಯ ಮೇಲೆ ಕೈಯಿಟ್ಟು, “ಪಾಸಾದಿ ನೋಡ ತಂಗಿ,” ಎಂದ.