ಯಾವ ಸೋಪಾದರೂ ಆದೀತು

ಮಕ್ಕಳ ವಾರ್ಡಿನ ನಲ್ಲಿಯ ಬಳಿ ಸೋಪು ಮುಗಿದದ್ದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಎಂಬುದು ಕಡತದಿಂದ ದೃಢಪಟ್ಟಿದೆ. ಅಂದೇ ವಾರ್ಡಿನ ಸಿಸ್ಟರ್ ಆಸ್ಪತ್ರೆಯ ಅಧೀಕ್ಷಕರಿಗೆ ಎರಡು ಸಾಲಿನ ಪತ್ರ ಬರೆದರು. 'ಸೋಪು ಮುಗಿದು ಮಕ್ಕಳಲ್ಲಿ ಭೇದಿ ಹರಡುತ್ತಿದೆ. ಯಾವ ಸೋಪಾದರೂ ಆದೀತು, ದಯಮಾಡಿ ಕಳಿಸಿಕೊಡಿ.'

ಮೊದಲ ಸಾಲಿನಲ್ಲಿ ಅಧೀಕ್ಷಕರಿಗೆ ಆಕ್ಷೇಪಾರ್ಹವಾದದ್ದೇನೂ ಕಾಣಲಿಲ್ಲ. ಎರಡನೆಯದು ಅವರ ನೆಮ್ಮದಿ ಕೆಡಿಸಿತು. ಅವರ ಕೋಣೆಯಲ್ಲಿ ಒತ್ತಿದರೆ ಗುಲಾಬಿ ದ್ರವ ಬರುವ ಬಾಟಲಿಯಿತ್ತು. ವಾರ್ಡಿಗೆ ಬಟ್ಟೆ ಸೋಪನ್ನು ನಾಲ್ಕು ತುಂಡು ಮಾಡಿ ಕಳಿಸುವ ರೂಢಿಯಿತ್ತು. ಎರಡೂ ಒಂದೇ ಎಂದಾದರೆ ದರ್ಜೆಗಳನ್ನು ಇಟ್ಟುಕೊಂಡು ಏನು ಮಾಡುವುದು? ಸಿಸ್ಟರನ್ನು ಕರೆಸಿದರು.

"ಯಾವ ಸೋಪಾದ್ರೂ ಆಗುತ್ತೆ ಅಂತ ಯಾವ ಆಧಾರದ ಮೇಲೆ ಬರೆದ್ರಿ?"

"ಚೆನ್ನಾಗಿ ಉಜ್ಜಿ ತೊಳೆದ್ರೆ ಎಲ್ಲಾ ಒಂದೇ ಸಾರ್. ಇಪ್ಪತ್ತು ಎಣಿಸೋವರೆಗೂ ಉಜ್ಜಬೇಕು, ಅಷ್ಟೆ."

"ಅದನ್ನ ನೀವು ಹೇಳಿದ್ರೆ ಆಗಲ್ಲಮ್ಮ. ಸಮಿತಿ ಹೇಳ್ಬೇಕು."

ಸಮಿತಿ ರಚನೆಯಾಯಿತು. ಬಿಲ್ಲೆ, ದ್ರವ, ನೊರೆ, ಕ್ರಿಮಿನಾಶಕ, ಲಿಂಬೆ ವಾಸನೆಯದು, ಬಟ್ಟೆಯದು ಎಂದು ಆರು ಬಗೆಯ ಸೋಪು ತರಿಸಿ ಉಗ್ರಾಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ವರದಿ ಬರುವ ಮುನ್ನ ವಾರ್ಡಿನಲ್ಲಿ ಯಾವುದೇ ಸೋಪು ಬಳಸಿದರೆ ಉಳಿದವುಗಳಿಗೆ ಅನ್ಯಾಯವಾಗುತ್ತದೆಂದು ಆದೇಶ ಹೊರಟಿತು. ಸಿಸ್ಟರ್ ಮನೆಯಿಂದ ಡಬ್ಬಿಯಲ್ಲಿ ತಂದದ್ದನ್ನು 'ಅನಧಿಕೃತ ಏಳನೇ ಮಾದರಿ' ಎಂದು ಜಪ್ತಿ ಮಾಡಲಾಯಿತು.

ಉಗ್ರಾಣದ ಗುಮಾಸ್ತರು ಸಭ್ಯರು, ಡಬ್ಬಿಗೆ ರಸೀದಿ ಕೊಟ್ಟರು. "ಬೇಜಾರ್ ಮಾಡ್ಕೋಬೇಡಿ ಸಿಸ್ಟರ್. ಸೋಪಿಗೆ ಏನೂ ಆಗದ ಹಾಗೆ ನೋಡ್ಕೋತೀನಿ."

"ಮಕ್ಕಳಿಗೆ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಸಮಿತಿ ತಿಂಗಳಿಗೊಮ್ಮೆ ಊಟಕ್ಕೆ ಸೇರುತ್ತಿತ್ತು. ಊಟವಾದ ಮೇಲೆ ಸದಸ್ಯರು ಆ ತಿಂಗಳ ಸೋಪಿನಿಂದ ಕೈ ತೊಳೆಯುವರು, ಪ್ರಯೋಗಾಲಯದವನು ಅಂಗೈ ಪರೀಕ್ಷಿಸುವನು. ನೊರೆ ಸೋಪಿನ ತಿಂಗಳಲ್ಲಿ ಊಟ ಸಪ್ಪೆಯಾಗಿತ್ತೆಂದು ಆ ಪರೀಕ್ಷೆಯನ್ನು ಎರಡು ಸಲ ಮಾಡಬೇಕಾಯಿತು. ಅಷ್ಟರಲ್ಲಿ ವಾರ್ಡಿನಲ್ಲಿ ಮಂಚಕ್ಕೆ ಇಬ್ಬರಂತೆ ಮಕ್ಕಳು ಮಲಗಿದ್ದರು. ಬರೀ ನೀರಿನಲ್ಲಿ ಕೈ ಉಜ್ಜಿ ಉಜ್ಜಿ ಸಿಸ್ಟರ್‌ಗೆ ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು. ನೋಡಿದರೆ ಕರುಳು ಚುರುಕ್ಕೆನ್ನುವಂತಿತ್ತು, ಆದರೆ ನೋಡುವುದು ಸಮಿತಿಯ ಕಾರ್ಯವ್ಯಾಪ್ತಿಯಲ್ಲಿರಲಿಲ್ಲ.

ಎಂಟನೇ ತಿಂಗಳು ವರದಿ ಬಂತು. ಇಪ್ಪತ್ತು ಎಣಿಸುವವರೆಗೆ ಉಜ್ಜಿದರೆ ಎಲ್ಲ ಸೋಪುಗಳೂ ಸಮಾನ. ಪರೀಕ್ಷೆಯ ಅವಧಿಯಲ್ಲಿ ವಾರ್ಡಿನಲ್ಲಿ ಭೇದಿ ಮೂರು ಪಟ್ಟು ಹೆಚ್ಚಿದ್ದು ನಿಜ. ಆದರೆ ಅಲ್ಲಿಗೆ ಯಾವ ಸೋಪೂ ಹೋಗಿರದ ಕಾರಣ ಇದಕ್ಕೆ ಯಾವ ಸೋಪನ್ನೂ ಹೊಣೆ ಮಾಡುವಂತಿಲ್ಲ. ಎಲ್ಲವೂ ಸಮಾನವಾಗಿರುವಾಗ ಒಂದನ್ನು ಮಾತ್ರ ಕೊಂಡರೆ ಪಕ್ಷಪಾತವಾಗುವುದರಿಂದ ಯಾವುದನ್ನೂ ಕೊಳ್ಳಬಾರದು.

ಸಿಸ್ಟರ್‌ಗೆ ಉತ್ತರ ತಲುಪಿತು. 'ತಮ್ಮ ಎರಡನೇ ಸಾಲು ಸರಿಯೆಂದು ಸಾಬೀತಾದ್ದರಿಂದ ತಮ್ಮ ಪತ್ರವನ್ನು ವಿಲೇವಾರಿ ಮಾಡಲಾಗಿದೆ.' ಅಧೀಕ್ಷಕರು ಖುದ್ದಾಗಿ ಬಂದು ನಲ್ಲಿಯ ಮೇಲೆ ಫಲಕ ಹಾಕಿಸಿದರು: 'ಯಾವ ಸೋಪಾದರೂ ಆದೀತು. ಆದೇಶದ ಮೇರೆಗೆ.' ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಮಾರನೆಯ ದಿನದಿಂದ ತಾಯಂದಿರು ಮನೆಯಿಂದ ಸೋಪು ತರತೊಡಗಿದರು.

ಕೈ ಮುರಿದುಕೊಂಡು ಬಂದು ಇಲ್ಲೇ ಭೇದಿ ಹಿಡಿಸಿಕೊಂಡ ಹುಡುಗಿಯ ತಾಯಿ, ಸವೆದ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡು ಅಳುಕುತ್ತಾ ಕೇಳಿದಳು. "ಇದು ನಡೆಯುತ್ತಾ ಸಿಸ್ಟರ್? ಅಗ್ಗದ್ದು."

"ನಡೆಯುತ್ತಮ್ಮಾ. ಎಂಟು ತಿಂಗಳು ಪರೀಕ್ಷೆ ಮಾಡಿ ಹೇಳಿದ್ದಾರೆ."

"ದೊಡ್ಡ ಉಪಕಾರ ಮಾಡಿದ್ರು ಬಿಡಿ."

"ಹೂಂ," ಎಂದ ಸಿಸ್ಟರ್ ನಲ್ಲಿ ತಿರುಗಿಸಿ, ಸುಲಿದ ಕೈ ಮುಂದೆ ಚಾಚಿದರು. "ನನಗೂ ಒಂಚೂರು ಕೊಡ್ತೀಯಾ?"