ತುಂಬಿಸಬಾರದ ಎಣ್ಣೆ

ಯಜಮಾನರ ಕಾರಿನ ಸ್ಟೇರಿಂಗ್ ಬಿಗಿಯಾಗಿತ್ತು. ಡ್ರೈವರನ ಅನ್ನ ನಿಂತಿದ್ದುದೇ ಆ ಬಿಗಿಯ ಮೇಲೆ. ಯಜಮಾನರಿಗೆ ಭುಜನೋವು. "ಸ್ಟೇರಿಂಗ್ ಹಗುರಾಗ್ಲಿ, ನಾನೇ ಓಡಿಸ್ಕೋತೀನಿ. ಆಮೇಲೆ ನೀನು ಬೇರೆ ಕಡೆ ನೋಡ್ಕೊಳ್ಳಯ್ಯ" ಎಂದು ಅವರು ಹೇಳಿದಂದಿನಿಂದ ಅವನು ಸ್ಟೇರಿಂಗನ್ನು ಹಗುರ ಮಾಡುವ ಪವರ್ ಸ್ಟೇರಿಂಗ್ ಎಣ್ಣೆಯ ಡಬ್ಬಿಯನ್ನು ಮುಟ್ಟಿಯೇ ಇರಲಿಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಪಾಪ, ಏನು ಮಾಡಿಯಾನು?

ಮೋಡ ಕವಿದ ಒಂದು ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಕಾರು ತಿರುಗಿಸುವಾಗ ಸ್ಟೇರಿಂಗ್ ಕುಂಯ್ ಎಂದು ನರಳಿತು. ಅಷ್ಟೇ ಸಾಕಾಯಿತು. ಹಿಂದೆ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದ ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು ಬಂದ.

"ಬಾನೆಟ್ ತೆಗಿ."

"ಬೇಡ ಬಿಡಣ್ಣ, ಹಳೇ ಗಾಡಿ, ನರಳುತ್ತೆ."

"ತೆಗಿಯೋ ಅಂದ್ರೆ!"

ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಅಂಟಿದ್ದ ಅಳತೆಕಡ್ಡಿಯನ್ನು ಒರೆಸಿ, ಅದ್ದಿ, ಎತ್ತಿ ನೋಡಿದ ವಾಚ್‌ಮನ್ ಹಣೆ ಚಚ್ಚಿಕೊಂಡ. "ಅಯ್ಯೋ ಪಾಪಿ, ಕಡ್ಡಿ ತುದಿಗೂ ಎಣ್ಣೆ ಇಲ್ವಲ್ಲೋ!"

ಸದ್ದು ಕೇಳಿ ಹೊರಬಂದಿದ್ದ ಕಚೇರಿಯ ಗುಮಾಸ್ತರು ಓಡಿಹೋಗಿ ಮೂಲೆಯಂಗಡಿಯಿಂದ ಬಾಟಲಿ ತಂದೇಬಿಟ್ಟರು. "ಕಷ್ಟಕ್ಕಾಗದವನು ಮನುಷ್ಯನೇನಪ್ಪ?" ಎಂದರು. ವಾಚ್‌ಮನ್ ಎಣ್ಣೆ ಸುರಿದು, ಎಂಜಿನ್ ಓಡಿಸಿ, ಸ್ಟೇರಿಂಗನ್ನು ಆ ತುದಿಗೂ ಈ ತುದಿಗೂ ತಿರುಗಿಸಿ, ಎಣ್ಣೆಯ ಗಾಳಿಗುಳ್ಳೆ ಹೋದ ಮೇಲೆ ಕಡ್ಡಿಯ ಗೆರೆಯವರೆಗೆ ಮತ್ತೆ ಸುರಿದ. ಈಗದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗತೊಡಗಿತು. ಡ್ರೈವರ್ ನಕ್ಕಂತೆ ಹಲ್ಲು ಕಿರಿದ. ಇಂಥ ಉಪಕಾರಿಗಳು ಶತ್ರುವಿಗೂ ಬೇಡಪ್ಪ!

ಅವರಿಬ್ಬರೂ ಊಟಕ್ಕೆ ಹೋದದ್ದೇ ತಡ, ಡ್ರೈವರ್ ಎಣ್ಣೆ ಡಬ್ಬಿಗೆ ರಬ್ಬರ್ ಕೊಳವೆ ಇಳಿಸಿ ಬಾಯಲ್ಲಿ ಎಳೆದ. ಎಣ್ಣೆ ಬಾಯಿಗೇ ನುಗ್ಗಿತು. ಥೂ ಥೂ ಎಂದು ಉಗುಳುತ್ತಲೇ, ಹೆದರಿಕೆಗೆ ತಳ ಕಾಣುವಷ್ಟು ಬಸಿದುಬಿಟ್ಟ.

ಸಂಜೆ ಯಜಮಾನರು ಹಿಂದಿನ ಸೀಟಿನಲ್ಲಿ ಕೂತು ನಿಟ್ಟುಸಿರಿಟ್ಟರು. "ಡಾಕ್ಟರು ಫೋನ್ ಮಾಡಿದ್ರು ಕಣಯ್ಯ. ಈ ಭುಜ ಇಟ್ಕೊಂಡು ನಾನಿನ್ನು ಕಾರು ಮುಟ್ಟೋ ಹಾಗೇ ಇಲ್ವಂತೆ. ನೀನು ಇಲ್ಲೇ ಇದ್ದುಬಿಡು."

ಡ್ರೈವರನ ಕಣ್ಣು ತುಂಬಿ ಬಂತು. ಅದೇ ಖುಷಿಯಲ್ಲಿ ಗೇಟಿನ ಬಳಿ ತಿರುಗಿಸಹೋದರೆ ಸ್ಟೇರಿಂಗ್ ಕಲ್ಲು! ಎರಡೂ ಕೈ ಹಾಕಿ ಜಗ್ಗಿದ, ಸೀಟಿನಿಂದೆದ್ದು ಜಗ್ಗಿದ. ಕಾರು ಕಿರುಚುತ್ತಾ ಹೋಗಿ ಕಂಬಕ್ಕೆ ಮೂತಿ ಜಜ್ಜಿಕೊಂಡಿತು.

ಯಜಮಾನರು ಬೈಯಲಿಲ್ಲ. "ನಿನ್ನ ತಪ್ಪಲ್ಲ ಬಿಡು, ಗಾಡಿ ಆಯಸ್ಸೇ ಮುಗೀತು. ನಾಳೆ ಗುಜರಿಗೆ ಹಾಕ್ತೀನಿ. ಇನ್ನು ಭಾವಮೈದನ ಕಾರಲ್ಲೇ ಓಡಾಡ್ತೀನಿ, ಅವನ ಹತ್ರ ಡ್ರೈವರ್ ಇದ್ದಾನೆ."

"ಅಯ್ಯೋ, ಬೇಡಿ ಸಾರ್! ಒಂಚೂರು ಎಣ್ಣೆ ಹಾಕಿದ್ರೆ ಸರಿಹೋಗುತ್ತೆ!"

"ಯಾಕಯ್ಯ ಸುಮ್ನೆ ಸಮಾಧಾನ ಹೇಳ್ತೀಯ? ಬೆಳಿಗ್ಗೆ ಭರ್ತಿ ಹಾಕಿದ್ದನ್ನ ಕಿಟಕೀಲಿ ನಿಂತು ನಾನೇ ನೋಡಿದ್ನಲ್ಲ!"

ಡ್ರೈವರ್ ಇಳಿದು, ಯಜಮಾನರಿಗೆ ಬಾಗಿಲು ತೆಗೆದು ನಿಂತ.